22–60, ಮತ್ತೆ 22–60: ವೆಂಬನ್ಯಾಮಾ ಬಂದರೂ ತಂಡ ಗೆಲ್ಲಲಿಲ್ಲ ಯಾಕೆ?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 2022–23ರ ಸೀಸನ್ ಮುಗಿದಾಗ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಲೆಕ್ಕ ಹೀಗಿತ್ತು: 82 ಪಂದ್ಯ, 22 ಗೆಲುವು, 60 ಸೋಲು. ಆ ಬೇಸಿಗೆಯಲ್ಲಿ ತಂಡಕ್ಕೆ ಫ್ರಾನ್ಸಿನ 19 ವರ್ಷದ ಹುಡುಗ ವಿಕ್ಟರ್ ವೆಂಬನ್ಯಾಮಾ ಬಂದರು. ಎತ್ತರ ಸುಮಾರು 7 ಅಡಿ 4 ಇಂಚು. ಮೊದಲ ವರ್ಷವೇ ಇಡೀ ಲೀಗಿನಲ್ಲಿ ಅತಿ ಹೆಚ್ಚು ಬ್ಲಾಕ್ ಮಾಡಿದರು. ಹೊಸಬರಿಗೆ ಕೊಡುವ ಪ್ರಶಸ್ತಿಯನ್ನು ಒಂದು ಮತವೂ ಬೇರೆಯವರ ಪಾಲಾಗದಂತೆ ಗೆದ್ದರು. ತಂಡದ ಲೆಕ್ಕ? 82 ಪಂದ್ಯ, 22 ಗೆಲುವು, 60 ಸೋಲು.

ಒಂದೇ ಒಂದು ಗೆಲುವೂ ಹೆಚ್ಚಾಗಲಿಲ್ಲ.

ಮೊಬೈಲಿನಲ್ಲಿ ಬರುವ ತುಣುಕು ವಿಡಿಯೊಗಳಲ್ಲಿ ಈ ಹುಡುಗ ನೆಗೆಯದೆಯೇ ಚೆಂಡನ್ನು ರಿಂಗಿನೊಳಗೆ ತುರುಕುವುದನ್ನು ನೋಡಿ ‘ಯಾರಪ್ಪ ಇವನು’ ಅಂದುಕೊಂಡವರು ನಮ್ಮಲ್ಲೂ ಬಹಳ ಜನ. ವಿಡಿಯೊ ನೋಡಿದರೆ ಇವರು ಸೋಲುವುದೇ ಇಲ್ಲ ಅನ್ನಿಸುತ್ತದೆ, ಅಂಕಪಟ್ಟಿ ಬೇರೆಯೇ ಹೇಳುತ್ತದೆ. ಎರಡೂ ಸುಳ್ಳಲ್ಲ. ಅವೆರಡೂ ಒಟ್ಟಿಗೆ ಹೇಗೆ ನಿಜ ಎಂದು ತಿಳಿಯಲು ಎನ್‌ಬಿಎ ನಡೆಯುವ ರೀತಿ ಸ್ವಲ್ಪ ಗೊತ್ತಿರಬೇಕು.

ಮೊದಲು ಆಟದ ಲೆಕ್ಕ

ಒಂದು ಪಂದ್ಯ 48 ನಿಮಿಷ, 12 ನಿಮಿಷದ ನಾಲ್ಕು ಭಾಗ. ಅಂಕಣದಲ್ಲಿ ಒಂದು ತಂಡದಿಂದ ಒಮ್ಮೆಗೆ ಐವರು. ಚೆಂಡು ಕೈಗೆ ಬಂದ ಮೇಲೆ 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಲೇಬೇಕು. ರಿಂಗ್ ನೆಲದಿಂದ 10 ಅಡಿ ಎತ್ತರದಲ್ಲಿರುತ್ತದೆ. ಹತ್ತಿರದಿಂದ ಹಾಕಿದರೆ 2 ಅಂಕ, ಅರ್ಧವೃತ್ತದ ಗೆರೆಯ ಆಚೆಯಿಂದ ಹಾಕಿದರೆ 3. ಆ ಗೆರೆ ರಿಂಗಿನಿಂದ ಬಹುಪಾಲು ಕಡೆ ಸುಮಾರು 7.24 ಮೀಟರ್ ದೂರ, ಮೂಲೆಗಳಲ್ಲಿ ಸ್ವಲ್ಪ ಹತ್ತಿರ.

ಆಟಗಾರನನ್ನು ಅಳೆಯುವಾಗ ಐದು ಲೆಕ್ಕ ಮುಖ್ಯ. ಮೊದಲನೆಯದು ಅಂಕ, ಅದಕ್ಕೆ ವಿವರಣೆ ಬೇಡ. ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದರೆ ರೀಬೌಂಡ್. ಜೊತೆಯವರು ಅಂಕ ಗಳಿಸುವಂತೆ ಪಾಸ್ ಕೊಟ್ಟರೆ ಅಸಿಸ್ಟ್. ಎದುರಾಳಿಯಿಂದ ಚೆಂಡು ಕಸಿದರೆ ಸ್ಟೀಲ್. ಎಸೆದ ಚೆಂಡನ್ನು ರಿಂಗ್ ತಲುಪುವ ಮೊದಲೇ ತಡೆದರೆ ಬ್ಲಾಕ್. ಬ್ಲಾಕಿಗೊಂದು ಷರತ್ತಿದೆ: ಚೆಂಡು ಮೇಲೇರುತ್ತಿರುವಾಗಲೇ ತಡೆಯಬೇಕು. ರಿಂಗಿನ ಕಡೆ ಇಳಿಯತೊಡಗಿದ ಮೇಲೆ ಮುಟ್ಟಿದರೆ ಚೆಂಡು ಒಳಗೆ ಬಿದ್ದಂತೆಯೇ ಲೆಕ್ಕ, ಅಂಕ ಎದುರಾಳಿಗೆ. ಹಾಗಾಗಿ ಬ್ಲಾಕ್ ಬರೀ ಎತ್ತರದ ಆಟವಲ್ಲ. ಚೆಂಡು ಕೈಬಿಡುವ ಗಳಿಗೆಯನ್ನು ಮೊದಲೇ ಊಹಿಸಬೇಕು.

ವೆಂಬನ್ಯಾಮಾ ಎರಡೂ ಕೈ ಚಾಚಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 8 ಅಡಿ. ನೆಲದ ಮೇಲೆ ನಿಂತು ಕೈ ಎತ್ತಿದರೆ ಬೆರಳ ತುದಿಗೂ ರಿಂಗಿಗೂ ಉಳಿಯುವುದು ಅರ್ಧ ಅಡಿಗಿಂತ ಕಡಿಮೆ.

ಹರಾಜಲ್ಲ, ಲಾಟರಿ

ಐಪಿಎಲ್ ನೋಡಿ ಬೆಳೆದವರಿಗೆ ಮೊದಲ ಗೊಂದಲ ಇಲ್ಲೇ. ಅಲ್ಲಿ ಹಣವಿದ್ದ ತಂಡ ಕೂಗಿ ಕೊಳ್ಳಬಹುದು. ಎನ್‌ಬಿಎಗೆ ಹೊಸಬರು ಬರುವುದು ಡ್ರಾಫ್ಟ್ ಮೂಲಕ: ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, ಆಟಗಾರನಿಗೆ ತಂಡ ಆರಿಸುವ ಅಧಿಕಾರವಿಲ್ಲ. ನಮ್ಮ ದೇಶದಿಂದ ಹೀಗೆ ಮೊದಲು ಆಯ್ಕೆಯಾದವರು ಪಂಜಾಬಿನ ಸತ್ನಾಮ್ ಸಿಂಗ್. 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ಅವರನ್ನು 52ನೆಯವರಾಗಿ ಆರಿಸಿತು, ಆದರೆ ಎನ್‌ಬಿಎ ಪಂದ್ಯ ಆಡುವ ಅವಕಾಶ ಸಿಗಲಿಲ್ಲ.

ಸರದಿಯಲ್ಲಿ ಮೊದಲು ಯಾರು? ಕಳೆದ ಸೀಸನ್‌ನಲ್ಲಿ ಕಳಪೆಯಾಗಿ ಆಡಿದವರಿಗೆ ಆದ್ಯತೆ. ದುರ್ಬಲ ತಂಡ ಬಲಗೊಳ್ಳಲಿ, ಲೀಗಿನಲ್ಲಿ ಪೈಪೋಟಿ ಉಳಿಯಲಿ ಎಂಬ ಲೆಕ್ಕಾಚಾರ. ಆದರೆ ಕೊನೆಯ ಸ್ಥಾನಕ್ಕೆ ಖಚಿತವಾಗಿ ಮೊದಲ ಆಯ್ಕೆ ಕೊಟ್ಟರೆ ಬೇಕೆಂದೇ ಸೋಲುವವರು ಹುಟ್ಟಿಕೊಳ್ಳುತ್ತಾರೆ. ಇದು ಬರೀ ಅನುಮಾನವಲ್ಲ. 2023ರ ಏಪ್ರಿಲ್‌ನಲ್ಲಿ ಮುಖ್ಯ ಆಟಗಾರರನ್ನು ಹೊರಗೆ ಕೂರಿಸಿದ್ದಕ್ಕೆ ಇದೇ ಡಲ್ಲಾಸ್ ತಂಡಕ್ಕೆ ಲೀಗ್ 7.5 ಲಕ್ಷ ಡಾಲರ್ ದಂಡ ಹಾಕಿತ್ತು.

ಅದಕ್ಕೇ ಲಾಟರಿ. ಪ್ಲೇ ಆಫ್‌ಗೆ ಹೋಗದ 14 ತಂಡಗಳು ಇದರಲ್ಲಿರುತ್ತವೆ. 1ರಿಂದ 14ರವರೆಗೆ ಸಂಖ್ಯೆಯಿರುವ ಚೆಂಡುಗಳನ್ನು ಯಂತ್ರಕ್ಕೆ ಹಾಕಿ ನಾಲ್ಕನ್ನು ತೆಗೆಯುತ್ತಾರೆ. ನಾಲ್ಕು ಸಂಖ್ಯೆಗಳ 1,001 ಜೋಡಣೆ ಸಾಧ್ಯ. ಒಂದನ್ನು ಬಿಟ್ಟು ಉಳಿದ 1,000 ಜೋಡಣೆಗಳನ್ನು ತಂಡಗಳಿಗೆ ಮೊದಲೇ ಹಂಚಿರುತ್ತಾರೆ, ಕಳಪೆ ತಂಡಕ್ಕೆ ಹೆಚ್ಚು, ಉತ್ತಮ ತಂಡಕ್ಕೆ ಕಡಿಮೆ. ಹಿಂದೆ ತೀರಾ ಕೊನೆಯ ತಂಡಕ್ಕೆ ಶೇ 25ರಷ್ಟು ಅವಕಾಶವಿತ್ತು. 2019ರಿಂದ ಕೊನೆಯ ಮೂರೂ ತಂಡಗಳಿಗೆ ಸಮಾನವಾಗಿ ಶೇ 14. ಎಲ್ಲರಿಗಿಂತ ಕೆಳಗೆ ಬಿದ್ದರೆ ವಿಶೇಷ ಲಾಭವೇನೂ ಇಲ್ಲ ಎಂದು ಹೇಳಲು ಮಾಡಿದ ಬದಲಾವಣೆ ಅದು.

2023ರ ಮೇ 16ರಂದು ಆ ಶೇ 14 ಸ್ಪರ್ಸ್‌ಗೆ ಒಲಿಯಿತು. ಈ ತಂಡದ ಅದೃಷ್ಟ ಕಂಡು ಉಳಿದವರು ಹಲ್ಲು ಕಡಿದರೆ ಆಶ್ಚರ್ಯವಿಲ್ಲ. 1987ರಲ್ಲಿ ಮೊದಲ ಆಯ್ಕೆ ಸಿಕ್ಕಾಗ ಬಂದವರು ಡೇವಿಡ್ ರಾಬಿನ್ಸನ್. 1997ರಲ್ಲಿ ಟಿಮ್ ಡಂಕನ್. ಇಬ್ಬರೂ ಎತ್ತರದವರು, ಇಬ್ಬರೂ ದಿಗ್ಗಜರು. 1999ರಿಂದ 2014ರವರೆಗೆ ತಂಡ ಗೆದ್ದ ಐದೂ ಪ್ರಶಸ್ತಿಗಳಲ್ಲಿ ಡಂಕನ್ ಇದ್ದರು. ಮೂರನೇ ಸಲ ಸಿಕ್ಕ ಮೊದಲ ಆಯ್ಕೆಯ ಮೇಲೆ ಈ ಇತಿಹಾಸದ ಹೊರೆಯೂ ಇತ್ತು.

ಸಂಬಳದಲ್ಲೂ ಕೂಗಾಟವಿಲ್ಲ. ಮೊದಲ ಸುತ್ತಿನ ಹೊಸಬರಿಗೆ ಆಯ್ಕೆಯ ಕ್ರಮಾಂಕಕ್ಕೆ ತಕ್ಕ ದರಪಟ್ಟಿಯಿದೆ. ಅದರಂತೆ ವೆಂಬನ್ಯಾಮಾಗೆ ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್, ಮೊದಲ ವರ್ಷಕ್ಕೆ ಸುಮಾರು 1.2 ಕೋಟಿ. ಅದೇ ವರ್ಷ ಲೀಗಿನ ಹೆಸರಾಂತ ಆಟಗಾರ ಸ್ಟೀಫನ್ ಕರಿ ಪಡೆದದ್ದು 5.19 ಕೋಟಿ ಡಾಲರ್. ಎಷ್ಟೇ ಬೇಡಿಕೆಯಿದ್ದರೂ ಹೊಸಬರಿಗೆ ಪಟ್ಟಿಯ ಆಚೆ ಕೊಡುವಂತಿಲ್ಲ.

ಪ್ಯಾರಿಸ್ ಪಕ್ಕದ ಹುಡುಗ

ವೆಂಬನ್ಯಾಮಾ ಹುಟ್ಟಿದ್ದು 2004ರ ಜನವರಿ 4ರಂದು, ಪ್ಯಾರಿಸ್‌ಗೆ ಹತ್ತಿರದ ಲ ಶೆನೆ ಎಂಬ ಊರಿನಲ್ಲಿ. ಕಾಂಗೊ ಮೂಲದ ತಂದೆ ಟ್ರಿಪಲ್ ಜಂಪ್ ಪಟು, ತಾಯಿ ಬ್ಯಾಸ್ಕೆಟ್‌ಬಾಲ್ ಆಡಿ ಆಮೇಲೆ ಕೋಚ್ ಆದವರು. ಅಮೆರಿಕದ ಹುಡುಗರು ಸಾಮಾನ್ಯವಾಗಿ ಕಾಲೇಜು ತಂಡದಿಂದ ಎನ್‌ಬಿಎಗೆ ಬರುತ್ತಾರೆ. ಯುರೋಪಿನಲ್ಲಿ ಕ್ಲಬ್ ಪದ್ಧತಿ, ಹದಿಹರೆಯದವರೂ ದೊಡ್ಡವರ ಜೊತೆ ಸಂಬಳಕ್ಕೆ ಆಡುತ್ತಾರೆ. ವೆಂಬನ್ಯಾಮಾ ನಾಂತೇರ್ ಕ್ಲಬ್ಬಿನ ಮುಖ್ಯ ತಂಡಕ್ಕೆ ಕಾಲಿಟ್ಟಾಗ ವಯಸ್ಸು 15.

2022–23ರಲ್ಲಿ ಮೆಟ್ರೊಪಾಲಿಟನ್ಸ್ 92 ಕ್ಲಬ್ಬಿಗೆ ಆಡುತ್ತ ಫ್ರಾನ್ಸಿನ ಲೀಗಿನಲ್ಲಿ ಅಂಕ, ರೀಬೌಂಡ್, ಬ್ಲಾಕ್ ಮೂರರಲ್ಲೂ ಮೊದಲಿಗರಾದರು. ಅದಕ್ಕೂ ಮುನ್ನ, 2022ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್ ಬಳಿ ನಡೆದ ಪ್ರದರ್ಶನ ಪಂದ್ಯವೊಂದರಲ್ಲಿ 37 ಅಂಕ, 5 ಬ್ಲಾಕ್. ಅಷ್ಟು ಎತ್ತರದವರು ರಿಂಗಿನಡಿ ನಿಂತು ಆಡುವುದು ವಾಡಿಕೆ, ಈತ ಚಿಕ್ಕ ಆಟಗಾರರಂತೆ ಚೆಂಡು ಕುಟ್ಟಿಕೊಂಡು ಬಂದು ಮೂರಂಕದ ಗೆರೆಯಾಚೆಯಿಂದ ಎಸೆಯುತ್ತಿದ್ದರು. ಆಮೇಲೆ ಲೀಗಿನ ದೊಡ್ಡ ತಾರೆ ಲೆಬ್ರಾನ್ ಜೇಮ್ಸ್ ಇವರನ್ನು ಅನ್ಯಗ್ರಹದವ ಎಂದು ಕರೆದರು. ಅಡ್ಡಹೆಸರು ಅಂಟಿಕೊಂಡಿತು.

ಮೊದಲ ಸೀಸನ್: ಸೋಲು ಎಲ್ಲಿಂದ ಬಂತು

ಮೊದಲ ಪಂದ್ಯ 2023ರ ಅಕ್ಟೋಬರ್ 25, ಎದುರಾಳಿ ಡಲ್ಲಾಸ್. 15 ಅಂಕ, 5 ಫೌಲ್, ಸೋಲು. ಎಂಟು ದಿನದ ನಂತರ ಫೀನಿಕ್ಸ್‌ನಲ್ಲಿ 38 ಅಂಕ ಗಳಿಸಿ ಗೆಲ್ಲಿಸಿದರು. ಅಲ್ಲಿಂದ ತಂಡ ಜಾರಿತು: ನವೆಂಬರ್–ಡಿಸೆಂಬರ್‌ನಲ್ಲಿ ಸತತ 18 ಸೋಲು, ಸ್ಪರ್ಸ್ ಇತಿಹಾಸದಲ್ಲೇ ಅತಿ ಉದ್ದದ ಸರಣಿ.

ಒಬ್ಬ ಆಟಗಾರ ಎಷ್ಟು ಆಡಬಲ್ಲ ಎಂಬುದೇ ಮೊದಲ ಉತ್ತರ. ಆ ಸೀಸನ್‌ನಲ್ಲಿ ವೆಂಬನ್ಯಾಮಾ ಪಂದ್ಯಕ್ಕೆ ಸರಾಸರಿ 30 ನಿಮಿಷದಷ್ಟು ಆಡಿದರು. ಉಳಿದ 18 ನಿಮಿಷ ತಂಡ ಅವರಿಲ್ಲದೆ ನಡೆಯಬೇಕು, ಮತ್ತು ಸ್ಪರ್ಸ್‌ನ ಉಳಿದವರೂ ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. ಲೀಗಿನ ಅತಿ ಕಿರಿಯ ತಂಡಗಳಲ್ಲಿ ಅದೂ ಒಂದು.

ಎರಡನೆಯದು ಕೋಚ್ ಗ್ರೆಗ್ ಪೊಪೊವಿಚ್ ಮಾಡಿದ ಪ್ರಯೋಗ. ಚೆಂಡನ್ನು ಮುಂದೆ ತಂದು ಆಟ ಕಟ್ಟುವವರನ್ನು ಪಾಯಿಂಟ್ ಗಾರ್ಡ್ ಎನ್ನುತ್ತಾರೆ. ಆ ಜಾಗಕ್ಕೆ ಅವರು ಆ ಕೆಲಸ ಮಾಡಿ ಅಭ್ಯಾಸವೇ ಇಲ್ಲದ ಜೆರೆಮಿ ಸೋಚನ್ ಎಂಬ ಫಾರ್ವರ್ಡ್ ಆಟಗಾರನನ್ನು ಹಾಕಿದರು. ರಿಂಗಿನ ಹತ್ತಿರ ಓಡುವ ಎತ್ತರದ ಆಟಗಾರನಿಗೆ ಚೆಂಡು ಸರಿಯಾದ ಗಳಿಗೆಯಲ್ಲಿ, ಸರಿಯಾದ ಎತ್ತರಕ್ಕೆ ಬರಬೇಕು. ಅರ್ಧ ಸೆಕೆಂಡ್ ತಡವಾದರೂ ಅವನ ಎತ್ತರ ದಂಡ. ಆ ತಿಂಗಳುಗಳ ಪಂದ್ಯ ನೋಡಿದವರಿಗೆ ನೆನಪಿರಬಹುದು: ವೆಂಬನ್ಯಾಮಾ ರಿಂಗಿನಡಿ ಕೈ ಎತ್ತಿ ನಿಂತಿರುತ್ತಿದ್ದರು, ಚೆಂಡು ಇನ್ನೆಲ್ಲೋ ಸುತ್ತುತ್ತಿತ್ತು.

ಸ್ವತಃ ವೆಂಬನ್ಯಾಮಾ ಜಾಗವೂ ಬೇರೆಯಾಗಿತ್ತು. ರಿಂಗ್ ಕಾಯುವ ದೊಡ್ಡ ಆಳಿನ ಜಾಗಕ್ಕೆ ಸೆಂಟರ್ ಎಂದು ಹೆಸರು. ಅಲ್ಲಿ ಝ್ಯಾಕ್ ಕಾಲಿನ್ಸ್ ಇದ್ದರು. ವೆಂಬನ್ಯಾಮಾ ಪಕ್ಕದ ಪವರ್ ಫಾರ್ವರ್ಡ್ ಜಾಗದಲ್ಲಿ ಆಡಿ, ದೂರದಿಂದ ಎಸೆಯುವ ಎದುರಾಳಿಗಳ ಹಿಂದೆ ರಿಂಗ್ ಬಿಟ್ಟು ಓಡಬೇಕಿತ್ತು. ಸಣಕಲು ದೇಹದ ಹುಡುಗನನ್ನು ರಾತ್ರಿಯಿಡೀ ದಢೂತಿ ಸೆಂಟರ್‌ಗಳ ಜೊತೆ ಗುದ್ದಾಡಲು ಬಿಡಬಾರದು ಎಂಬ ಕಾಳಜಿ ಇದರ ಹಿಂದೆ ಇದ್ದಿರಬಹುದು. ಫಲಿತಾಂಶ ಮಾತ್ರ ಸೋಲು.

ಡಿಸೆಂಬರ್‌ನಲ್ಲಿ ಅವರನ್ನು ಸೆಂಟರ್ ಜಾಗಕ್ಕೆ ತಂದರು. ಹೊಸ ವರ್ಷದ ಹೊತ್ತಿಗೆ ಟ್ರೇ ಜೋನ್ಸ್ ಎಂಬ ನಿಜವಾದ ಪಾಯಿಂಟ್ ಗಾರ್ಡ್ ಆರಂಭದ ಐವರಲ್ಲಿ ಸೇರಿದರು. ಆಟ ಕಣ್ಣಿಗೆ ಕಾಣುವಷ್ಟು ಬದಲಾಯಿತು. ಜನವರಿ 10ರಂದು ಡೆಟ್ರಾಯ್ಟ್ ವಿರುದ್ಧ ಬರೀ 21 ನಿಮಿಷದಲ್ಲಿ 16 ಅಂಕ, 12 ರೀಬೌಂಡ್, 10 ಅಸಿಸ್ಟ್. ಮೂರು ಲೆಕ್ಕಗಳಲ್ಲಿ ಎರಡಂಕಿ ಮುಟ್ಟಿದರೆ ಅದಕ್ಕೆ ಟ್ರಿಪಲ್ ಡಬಲ್ ಎನ್ನುತ್ತಾರೆ. ಫೆಬ್ರುವರಿ 12ರಂದು ಟೊರಾಂಟೊ ವಿರುದ್ಧ ಇನ್ನೊಂದು, ಈ ಸಲ ಅಸಿಸ್ಟ್ ಬದಲು 10 ಬ್ಲಾಕ್! ಫೆಬ್ರುವರಿ 23ರಂದು ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ ಐದೂ ಲೆಕ್ಕಗಳಲ್ಲಿ ಕನಿಷ್ಠ ಐದು: 27 ಅಂಕ, 10 ರೀಬೌಂಡ್, 8 ಅಸಿಸ್ಟ್, 5 ಸ್ಟೀಲ್, 5 ಬ್ಲಾಕ್. ಆ ಪಂದ್ಯವನ್ನೂ ತಂಡ ಸೋತಿತು. ಮಾರ್ಚ್ ಕೊನೆಯಲ್ಲಿ ನ್ಯೂಯಾರ್ಕ್ ವಿರುದ್ಧ 40 ಅಂಕ, 20 ರೀಬೌಂಡ್. ಅದನ್ನು ಹೆಚ್ಚುವರಿ ಸಮಯದಲ್ಲಿ ಗೆದ್ದರು.

ಸರಾಸರಿ ಹೇಳುವುದಾದರೆ 71 ಪಂದ್ಯಗಳಲ್ಲಿ 21.4 ಅಂಕ, 10.6 ರೀಬೌಂಡ್, 3.9 ಅಸಿಸ್ಟ್, 3.6 ಬ್ಲಾಕ್. ಗೆಲುವಿನ ಸಂಖ್ಯೆ ಹಿಂದಿನ ವರ್ಷದ್ದೇ ಆದರೂ ಅದರೊಳಗಿನ ಕಥೆ ಬೇರೆ. ಕುಸಿತವೆಲ್ಲ ಮೊದಲರ್ಧದ್ದು. ಏಪ್ರಿಲ್ 12ರಂದು, ಹಿಂದಿನ ವರ್ಷದ ಚಾಂಪಿಯನ್ ಡೆನ್ವರ್ ತಂಡವನ್ನೇ ಇವರು ಒಂದು ಅಂಕದಿಂದ ಸೋಲಿಸಿದರು.

ಸ್ಕೋರ್‌ಕಾರ್ಡಿಗೆ ಸಿಗದ ಕೆಲಸ

ವೆಂಬನ್ಯಾಮಾ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಅಂಕವಲ್ಲ, ರಕ್ಷಣೆ. ಮೊದಲ ಸೀಸನ್‌ನಲ್ಲಿ ಅವರು ಮಾಡಿದ ಬ್ಲಾಕ್ 254. ದೊಡ್ಡ ಸಂಖ್ಯೆ ಹೌದು. ಆದರೆ ಒಂದು ಪಂದ್ಯದಲ್ಲಿ ಎದುರಾಳಿ ತಂಡ ಹೆಚ್ಚುಕಡಿಮೆ 90 ಸಲ ರಿಂಗಿಗೆ ಎಸೆಯುತ್ತದೆ. ಅದರಲ್ಲಿ ಮೂರೋ ನಾಲ್ಕೋ ತಡೆದರೆ ಏನು ಮಹಾ?

ಗಟ್ಟಿ ಬೇಲಿಯಿರುವ ಹೊಲಕ್ಕೆ ದನ ಬರುವುದೇ ಇಲ್ಲ. ಓಡಿಸಿದ ದನಗಳನ್ನು ಎಣಿಸಿ ಬೇಲಿಯ ಬೆಲೆ ಕಟ್ಟಲಾಗದು. ಇಲ್ಲೂ ಅಷ್ಟೇ. ಚೆಂಡು ಹಿಡಿದು ಒಳನುಗ್ಗಿದ ಎದುರಾಳಿ ವೆಂಬನ್ಯಾಮಾ ನಿಂತಿರುವುದನ್ನು ನೋಡಿ ಹೆಜ್ಜೆ ಹಿಂದಿಡುತ್ತಾನೆ, ಚೆಂಡನ್ನು ಹೊರಗೆ ಪಾಸ್ ಮಾಡುತ್ತಾನೆ. ಅಷ್ಟರಲ್ಲಿ 24 ಸೆಕೆಂಡಿನ ಗಡಿಯಾರ ಓಡಿರುತ್ತದೆ, ಕೊನೆಗೆ ಯಾರೋ ದೂರದಿಂದ ಅವಸರದಲ್ಲಿ ಎಸೆಯುತ್ತಾರೆ. ಇಡೀ ತಂಡದ ಆಟ ಕೆಟ್ಟಿತು, ಸ್ಕೋರ್‌ಕಾರ್ಡಿನಲ್ಲಿ ವೆಂಬನ್ಯಾಮಾ ಹೆಸರಿಗೆ ಏನೂ ಸೇರಲಿಲ್ಲ.

ಹಾಗಾದರೆ ರಿಂಗಿನಡಿಯೇ ಬೀಡುಬಿಟ್ಟರಾಯಿತಲ್ಲ ಎನ್ನಬೇಡಿ. ಯಾವ ಎದುರಾಳಿಯನ್ನೂ ಕಾಯದೆ ರಕ್ಷಕ ರಿಂಗಿನ ಮುಂದಿರುವ ಬಣ್ಣದ ಚೌಕದೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಹೊರಗೆ ಹೋಗಬೇಕು, ಮತ್ತೆ ಬರಬೇಕು. ಬೇರೆ ದೊಡ್ಡ ಆಟಗಾರರಿಗೆ ಈ ಓಡಾಟದಲ್ಲೇ ತಡವಾಗುತ್ತದೆ. ವೆಂಬನ್ಯಾಮಾ ಎರಡು ಹೆಜ್ಜೆ ದೂರವಿದ್ದರೂ ಕೈ ತಲುಪುತ್ತದೆ. ಮೂರಂಕದ ಗೆರೆಯಲ್ಲಿ ನಿಂತವನನ್ನೂ, ರಿಂಗಿನಡಿ ನಿಂತವನನ್ನೂ ಒಂದೇ ಆಟದ ತುಂಡಿನಲ್ಲಿ ಕಾಡುವ ಶಕ್ತಿ ಅದು.

ಪ್ರಶಸ್ತಿಗಳಿಗೆ ಮತ ಹಾಕುವ ಪತ್ರಕರ್ತರು ಇದನ್ನು ಗಮನಿಸಿದರು. ವರ್ಷದ ಶ್ರೇಷ್ಠ ರಕ್ಷಕ ಪ್ರಶಸ್ತಿಯ ಮತದಾನದಲ್ಲಿ ಮಿನ್ನೆಸೋಟದ ರೂಡಿ ಗೋಬೇರ್ ಮೊದಲು, ವೆಂಬನ್ಯಾಮಾ ಎರಡನೆಯವರು. ಇಬ್ಬರೂ ಫ್ರಾನ್ಸಿನವರೇ. ಲೀಗಿನ ಮೊದಲ ರಕ್ಷಣಾ ಐವರಲ್ಲಿ ಹೊಸ ಆಟಗಾರನೊಬ್ಬನಿಗೆ ಜಾಗ ಸಿಕ್ಕಿದ್ದು ಅದೇ ಮೊದಲು.

ಎರಡನೇ ಸೀಸನ್: ದೂರದಿಂದ ಎಸೆಯುವುದು ಸರಿಯೇ?

ನಡುವೆ ಪ್ಯಾರಿಸ್ ಒಲಿಂಪಿಕ್ಸ್ ಬಂತು. 2024ರ ಆಗಸ್ಟ್ 10ರ ಫೈನಲ್‌ನಲ್ಲಿ ಅಮೆರಿಕ 98–87ರಿಂದ ಗೆದ್ದಿತು, ಸೋತ ಫ್ರಾನ್ಸ್ ಪರ ವೆಂಬನ್ಯಾಮಾ 26 ಅಂಕ ಗಳಿಸಿದರು.

ಸ್ಯಾನ್ ಆಂಟೋನಿಯೊದಲ್ಲಿ ಈ ಸಲ ಚೆಂಡು ಕೊಡುವವರು ಸಿಕ್ಕಿದ್ದರು: ಆಟದ ಇತಿಹಾಸದ ಶ್ರೇಷ್ಠ ಪಾಯಿಂಟ್ ಗಾರ್ಡ್‌ಗಳಲ್ಲಿ ಒಬ್ಬರಾದ ಕ್ರಿಸ್ ಪಾಲ್. ವಯಸ್ಸು 39. ಆ ವಯಸ್ಸಿನಲ್ಲಿ 82ಕ್ಕೆ 82 ಪಂದ್ಯವನ್ನೂ ಆಡಿದರು. ಆದರೆ ಸೀಸನ್ ಶುರುವಾಗಿ ಎರಡೇ ವಾರದೊಳಗೆ, ನವೆಂಬರ್ 2ರಂದು, ಪೊಪೊವಿಚ್ ಅವರಿಗೆ ಪಾರ್ಶ್ವವಾಯು ಬಡಿಯಿತು. 1996ರಿಂದ ತಂಡದ ಕೋಚ್ ಆಗಿದ್ದವರು ಮತ್ತೆ ಅಂಕಣದ ಬದಿಗೆ ಮರಳಲಿಲ್ಲ, 2025ರ ಮೇ ತಿಂಗಳಲ್ಲಿ ಹುದ್ದೆ ಬಿಟ್ಟರು. ಜವಾಬ್ದಾರಿ ಸಹಾಯಕ ಮಿಚ್ ಜಾನ್ಸನ್ ಹೆಗಲಿಗೆ ಬಂತು.

ಆ ವರ್ಷ ವೆಂಬನ್ಯಾಮಾ ಬಗ್ಗೆ ಹೆಚ್ಚು ಕೇಳಿಬಂದ ಆಕ್ಷೇಪ: ಅಷ್ಟು ಎತ್ತರವಿಟ್ಟುಕೊಂಡು ದೂರದಿಂದ ಯಾಕೆ ಎಸೆಯುತ್ತಾನೆ? ಮೊದಲ ವರ್ಷ ಪಂದ್ಯಕ್ಕೆ ಐದಾರು ಇದ್ದ ಮೂರಂಕದ ಯತ್ನ ಎರಡನೇ ವರ್ಷ 8.8ಕ್ಕೆ ಏರಿತು. ಲೆಕ್ಕ ಹಾಕಿ ನೋಡೋಣ. ಮೊದಲ ವರ್ಷ ಅವರ ಯಶಸ್ಸು ಶೇ 32.5. ಅಂದರೆ ನೂರು ಯತ್ನಕ್ಕೆ ಸುಮಾರು 97 ಅಂಕ. ಎರಡನೇ ವರ್ಷ ಶೇ 35.2, ನೂರಕ್ಕೆ 105ಕ್ಕೂ ಹೆಚ್ಚು. ಎರಡಂಕದ ಎಸೆತದಿಂದ ಇಷ್ಟೇ ಗಳಿಸಬೇಕಾದರೆ ನೂರರಲ್ಲಿ 53 ಒಳಗೆ ಬೀಳಬೇಕು. ರಿಂಗಿನ ಬುಡದಲ್ಲಿ ಅದು ಸುಲಭ, ನಡುವಿನ ದೂರದಿಂದ ಬಹಳ ಕಷ್ಟ. ಆದ್ದರಿಂದ ಪ್ರಶ್ನೆ ‘ದೂರವೋ ಹತ್ತಿರವೋ’ ಎಂಬುದಲ್ಲ, ದೂರದ್ದನ್ನು ಬಿಟ್ಟರೆ ಅದರ ಬದಲು ಸಿಗುವುದು ಯಾವ ಎಸೆತ ಎಂಬುದು.

ಇನ್ನೊಂದು ಲಾಭವೂ ಇದೆ. ವೆಂಬನ್ಯಾಮಾ ಗೆರೆಯಾಚೆ ನಿಂತರೆ ಎದುರಾಳಿಯ ದೊಡ್ಡ ಆಳೂ ಅವರ ಹಿಂದೆ ಹೊರಗೆ ಬರಲೇಬೇಕು, ರಿಂಗಿನ ಬಳಿ ಜಾಗ ಖಾಲಿಯಾಗಿ ಜೊತೆಯವರಿಗೆ ದಾರಿ ತೆರೆಯುತ್ತದೆ. ಇಷ್ಟೆಲ್ಲ ಹೇಳಿದರೂ, ಸುಸ್ತಾದಾಗ ಒಳನುಗ್ಗುವ ಶ್ರಮ ತಪ್ಪಿಸಿಕೊಳ್ಳಲು ಅವರು ಎಸೆದ ಕೆಲವು ಮೂರಂಕಗಳಿಗೆ ನನ್ನ ಹತ್ತಿರ ಸಮರ್ಥನೆಯಿಲ್ಲ.

ನವೆಂಬರ್ 13ರಂದು ವಾಷಿಂಗ್ಟನ್ ವಿರುದ್ಧ 50 ಅಂಕ. ಅದರಲ್ಲಿ ಎಂಟು ಮೂರಂಕ. ಕ್ರಿಸ್‌ಮಸ್ ದಿನ ನ್ಯೂಯಾರ್ಕ್‌ನಲ್ಲಿ 42. ಜನವರಿಯಲ್ಲಿ ಪ್ಯಾರಿಸ್‌ನಲ್ಲೇ, ಒಲಿಂಪಿಕ್ ಫೈನಲ್ ಸೋತ ಅದೇ ಒಳಾಂಗಣದಲ್ಲಿ, ಇಂಡಿಯಾನ ವಿರುದ್ಧ ಎರಡು ಪಂದ್ಯ. ಒಂದು ಗೆದ್ದರು, ಒಂದು ಸೋತರು. ಫೆಬ್ರುವರಿ ಮೊದಲ ವಾರ ಸ್ಯಾಕ್ರಮೆಂಟೊದಿಂದ ಡಿಆರನ್ ಫಾಕ್ಸ್ ಎಂಬ ಅತಿವೇಗದ ಗಾರ್ಡ್ ಬಂದರು. ಫೆಬ್ರುವರಿ 16ರಂದು ವೆಂಬನ್ಯಾಮಾಗೆ ಮೊದಲ ಆಲ್ ಸ್ಟಾರ್ ಪಂದ್ಯ, ಲೀಗಿನ ಆಯ್ದ ತಾರೆಯರು ಆಡುವಂಥದ್ದು. ನಾಲ್ಕು ದಿನದ ನಂತರ ತಂಡದಿಂದ ಪ್ರಕಟಣೆ ಬಂತು: ಬಲ ಭುಜದಲ್ಲಿ ರಕ್ತ ಹೆಪ್ಪುಗಟ್ಟಿದೆ, ಈ ಸೀಸನ್‌ನಲ್ಲಿ ಇನ್ನು ಆಡುವುದಿಲ್ಲ.

ಭುಜದ ರಕ್ತನಾಳ, ಮತ್ತು ಕ್ರಿಸ್ ಬಾಶ್ ನೆನಪು

ದೇಹದ ಒಳಭಾಗದ ದೊಡ್ಡ ಅಭಿಧಮನಿಯಲ್ಲಿ ರಕ್ತ ಗಟ್ಟಿಯಾಗಿ ಗಂಟು ಕಟ್ಟಿಕೊಳ್ಳುವುದಕ್ಕೆ ವೈದ್ಯರು ಡೀಪ್ ವೇನ್ ಥ್ರಾಂಬೋಸಿಸ್ ಎನ್ನುತ್ತಾರೆ. ಇದು ಹೆಚ್ಚಾಗಿ ಕಾಣುವುದು ಕಾಲಿನಲ್ಲಿ. ದೀರ್ಘ ವಿಮಾನಯಾನದಲ್ಲಿ ಆಗಾಗ ಎದ್ದು ಓಡಾಡಿ ಎಂದು ಹೇಳುವುದು ಇದಕ್ಕೇ. ಭುಜದಲ್ಲಿ ಅಪರೂಪ. ಕೈಯನ್ನು ತಲೆಯ ಮೇಲೆ ಪದೇ ಪದೇ ಎತ್ತುವ ಕ್ರೀಡಾಪಟುಗಳಲ್ಲಿ ಕತ್ತಿನ ಬುಡದ ಮೂಳೆ ಮತ್ತು ಮೊದಲ ಪಕ್ಕೆಲುಬಿನ ನಡುವಿನ ಕಿರಿದಾದ ಜಾಗದಲ್ಲಿ ರಕ್ತನಾಳ ಒತ್ತಿಕೊಂಡು ಹೀಗಾಗುವುದುಂಟು.

ಭಯ ಆ ಗಂಟಿನದ್ದಲ್ಲ, ಅದರ ಪ್ರಯಾಣದ್ದು. ತುಣುಕೊಂದು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಚಿಕಿತ್ಸೆಯೆಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ಸಾಮಾನ್ಯವಾಗಿ ಕೆಲವು ತಿಂಗಳು. ಆ ಔಷಧ ತೆಗೆದುಕೊಳ್ಳುವಾಗ ಸಣ್ಣ ಗಾಯದಿಂದಲೂ ರಕ್ತಸ್ರಾವ ನಿಲ್ಲುವುದು ತಡ. ಮೊಣಕೈ ತಾಗುವ, ನೆಲಕ್ಕೆ ಬೀಳುವ ಆಟ ಆಡುವಂತಿಲ್ಲ. ನೋವಿಲ್ಲದೆ ಓಡಾಡುತ್ತಿದ್ದ ಆಟಗಾರ ತಿಂಗಳುಗಟ್ಟಲೆ ಹೊರಗೆ ಕೂತದ್ದು ಇದಕ್ಕೆ.

ಅಭಿಮಾನಿಗಳು ಬೆಚ್ಚಲು ಕಾರಣವಿತ್ತು. ಮಯಾಮಿಯ ತಾರೆ ಕ್ರಿಸ್ ಬಾಶ್‌ಗೆ 2015ರಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಿತ್ತು. ಗುಣವಾಗಿ ಮರಳಿದರು, ಮತ್ತೆ ಅದೇ ತೊಂದರೆ ಬಂತು. 2016ರ ಫೆಬ್ರುವರಿಯ ನಂತರ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ವೆಂಬನ್ಯಾಮಾಗೆ 2025ರ ಜುಲೈನಲ್ಲಿ ಆಡಲು ಅನುಮತಿ ಸಿಕ್ಕಿತು.

46 ಪಂದ್ಯ ಸಾಲದೆ?

ಎರಡನೇ ವರ್ಷದ ಸರಾಸರಿ 24.3 ಅಂಕ, 11 ರೀಬೌಂಡ್, 3.8 ಬ್ಲಾಕ್. ಆಡಿದ್ದು 46 ಪಂದ್ಯ. ಶ್ರೇಷ್ಠ ರಕ್ಷಕ ಪ್ರಶಸ್ತಿ ಕ್ಲೀವ್‌ಲ್ಯಾಂಡ್‌ನ ಇವಾನ್ ಮೊಬ್ಲಿಗೆ ಹೋಯಿತು.

ಯಾಕೆಂದರೆ 2023–24ರಿಂದ ಎನ್‌ಬಿಎಯಲ್ಲೊಂದು ನಿಯಮವಿದೆ: ದೊಡ್ಡ ಪ್ರಶಸ್ತಿಗಳಿಗೆ ಅರ್ಹರಾಗಲು ಕನಿಷ್ಠ 65 ಪಂದ್ಯ ಆಡಿರಬೇಕು. ತಾರೆಯರನ್ನು ತಂಡಗಳು ವಿಶ್ರಾಂತಿಯ ನೆಪದಲ್ಲಿ ಹೊರಗಿಡುತ್ತಿದ್ದವು, ಟಿಕೆಟ್ ಕೊಂಡವರೂ ಟಿವಿಯವರೂ ಗೊಣಗುತ್ತಿದ್ದರು. ಅದಕ್ಕೆ ಈ ಮದ್ದು. ನಿಜವಾಗಿ ಕಾಯಿಲೆ ಬಿದ್ದವರಿಗೂ ಇದೇ ಅಳತೆಗೋಲು, ಅಪವಾದಗಳು ತೀರಾ ಕಡಿಮೆ. ಹಣಕ್ಕೂ ಇದರ ಬಿಸಿ ತಟ್ಟುತ್ತದೆ. ಹೊಸಬರ ಒಪ್ಪಂದದ ನಂತರದ ದೊಡ್ಡ ಒಪ್ಪಂದ ಸಾಮಾನ್ಯವಾಗಿ ತಂಡದ ಸಂಬಳ ಮಿತಿಯ ಶೇ 25ರಿಂದ ಶುರುವಾಗಬಹುದು, ಕೆಲವು ಪ್ರಶಸ್ತಿ ಗೆದ್ದಿದ್ದರೆ ಶೇ 30ರಿಂದ.

ಎತ್ತರದ ದೇಹಕ್ಕೆ ಈ 65 ಸುಲಭದ ಸಂಖ್ಯೆಯೂ ಅಲ್ಲ. 7 ಅಡಿ 6 ಇಂಚಿನ ಚೀನಾದ ಯಾವೊ ಮಿಂಗ್ ಪಾದ ಮತ್ತು ಕಣಕಾಲಿನ ಗಾಯಗಳಿಂದ ಬಳಲಿ 2011ರಲ್ಲಿ, 30ರ ವಯಸ್ಸಿನಲ್ಲೇ ನಿವೃತ್ತರಾದರು. ವೆಂಬನ್ಯಾಮಾ ಜೊತೆ ಹೊಸಬರ ಪ್ರಶಸ್ತಿಗೆ ಸ್ಪರ್ಧಿಸಿದ 7 ಅಡಿ 1 ಇಂಚಿನ ಚೆಟ್ ಹೋಮ್‌ಗ್ರೆನ್ ನಿಜಕ್ಕೂ ಒಂದು ವರ್ಷ ಮೊದಲೇ ಆಯ್ಕೆಯಾದವರು. ಪಾದದ ಗಾಯದಿಂದ ಮೊದಲ ಸೀಸನ್ ಪೂರ್ತಿ ಆಡದ್ದರಿಂದ ಮರುವರ್ಷವೂ ಹೊಸಬರೆಂದೇ ಲೆಕ್ಕ. ಮೊದಲ ವರ್ಷ ಸ್ಪರ್ಸ್ ವೆಂಬನ್ಯಾಮಾ ನಿಮಿಷಗಳನ್ನು ಎಣಿಸಿ ಎಣಿಸಿ ಕೊಟ್ಟದ್ದನ್ನು ಕೆಲವರು ಅತಿ ಜಾಗರೂಕತೆ ಎಂದು ಹಾಸ್ಯ ಮಾಡಿದರು. ಈ ಇತಿಹಾಸ ನೋಡಿದರೆ ಅದು ಜಿಪುಣತನ ಅನ್ನಿಸುವುದಿಲ್ಲ.

ಸೋಲಿನಿಂದ ಬಂದವರು

ಎರಡನೇ ಸೀಸನ್ ಮುಗಿದಾಗ ತಂಡದ ಲೆಕ್ಕ 34 ಗೆಲುವು, 48 ಸೋಲು. ಹಿಂದಿನ ವರ್ಷಕ್ಕಿಂತ 12 ಗೆಲುವು ಹೆಚ್ಚು, ಅದೂ ಮುಖ್ಯ ಆಟಗಾರ 36 ಪಂದ್ಯ ಆಡದೆ.

ಡ್ರಾಫ್ಟ್ ಪದ್ಧತಿ ಮತ್ತೆ ನೆನಪಿಗೆ ತಂದುಕೊಳ್ಳಿ. 60 ಪಂದ್ಯ ಸೋತ ಆ ಮೊದಲ ಸೀಸನ್‌ನ ಫಲವಾಗಿ 2024ರಲ್ಲಿ ಸ್ಪರ್ಸ್‌ಗೆ ನಾಲ್ಕನೇ ಆಯ್ಕೆ ಸಿಕ್ಕಿತು. ಅದರಿಂದ ಬಂದ ಸ್ಟೆಫಾನ್ ಕಾಸಲ್ ಮರುವರ್ಷ ಹೊಸಬರ ಪ್ರಶಸ್ತಿ ಗೆದ್ದರು. 2025ರಲ್ಲಿ ಎರಡನೇ ಆಯ್ಕೆ, ಡಿಲನ್ ಹಾರ್ಪರ್. ಆ ಮೊದಲ ವರ್ಷವೇ ಗೆಲ್ಲಲು ಹಿರಿಯರನ್ನು ಸೇರಿಸಿಕೊಂಡು 35–40 ಪಂದ್ಯ ಗೆದ್ದಿದ್ದರೆ ಕಾಸಲ್ ಕೈಗೆ ಸಿಗುವುದು ಕಷ್ಟವಿತ್ತು. ಅದು ಮೊದಲೇ ಹೂಡಿದ ಲೆಕ್ಕವೋ, ಕೈಮೀರಿದ ಸೋಲಿಗೆ ಸಿಕ್ಕ ಪರಿಹಾರವೋ ಎಂದು ಅಭಿಮಾನಿಗಳು ಈಗಲೂ ಜಗಳವಾಡುತ್ತಾರೆ. ಎರಡೂ ಸ್ವಲ್ಪ ಸ್ವಲ್ಪ ಇರಬಹುದು.

ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಕನ್ನಡಿಗರಿಗೆ ಇದನ್ನೆಲ್ಲ ಕಣ್ಣಾರೆ ನೋಡುವ ಅವಕಾಶವಿದೆ. ಈಚಿನ ವರ್ಷಗಳಲ್ಲಿ ಸ್ಪರ್ಸ್ ತಮ್ಮ ಒಂದೆರಡು ತವರು ಪಂದ್ಯವನ್ನು ಅಲ್ಲೂ ಆಡುತ್ತಿದೆ. ಇಲ್ಲಿಂದ ನೋಡುವವರು ಬೇಗ ಏಳಬೇಕು. ಅಲ್ಲಿ ಸಂಜೆ ಏಳಕ್ಕೆ ಶುರುವಾದರೆ ನಮ್ಮಲ್ಲಿ ಬೆಳಗಿನ ಐದೂವರೆ, ಚಳಿಗಾಲದಲ್ಲಿ ಆರೂವರೆ.

ಮೂರನೇ ಸೀಸನ್‌ನ ಮೊದಲ ಪಂದ್ಯ 2025ರ ಅಕ್ಟೋಬರ್ 22ರಂದು, ಎದುರಾಳಿ ಮತ್ತೆ ಡಲ್ಲಾಸ್. ಎಂಟು ತಿಂಗಳ ನಂತರ ಅಂಕಣಕ್ಕಿಳಿದ ವೆಂಬನ್ಯಾಮಾ 40 ಅಂಕ, 15 ರೀಬೌಂಡ್ ಗಳಿಸಿದರು, ಸ್ಪರ್ಸ್ 125–92ರಿಂದ ಗೆದ್ದಿತು. ಎದುರು ತಂಡದಲ್ಲಿ ಆ ರಾತ್ರಿ ಮೊದಲ ಪಂದ್ಯ ಆಡಿದವರು 18 ವರ್ಷದ ಕೂಪರ್ ಫ್ಲ್ಯಾಗ್, 2025ರ ಡ್ರಾಫ್ಟಿನ ಮೊದಲ ಆಯ್ಕೆ. ಲಾಟರಿಯಲ್ಲಿ ಡಲ್ಲಾಸ್‌ಗೆ ಆ ಆಯ್ಕೆ ಸಿಗುವ ಅವಕಾಶ ಇದ್ದದ್ದು ಶೇ 1.8.